ಯಾರ ಮತಕ್ಕೆ ಯಾರ ಆತ್ಮಸಾಕ್ಷಿ?

2016ರ ಡಿಸೆಂಬರ್ 19, ಸೋಮವಾರ. ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದು ಆರು ವಾರವಾಗುತ್ತ ಬಂದಿತ್ತು. ಡೊನಾಲ್ಡ್ ಟ್ರಂಪ್ ಗೆದ್ದಾಗಿತ್ತು, ಹಿಲರಿ ಕ್ಲಿಂಟನ್ ಸೋಲೊಪ್ಪಿಕೊಂಡಾಗಿತ್ತು, ಹೊಸ ಸಂಪುಟದ ಹೆಸರುಗಳು ಒಂದೊಂದಾಗಿ ಪ್ರಕಟವಾಗುತ್ತಿದ್ದವು. ಹಾಗಿದ್ದೂ ಸಂವಿಧಾನದ ಪ್ರಕಾರ ಅಧ್ಯಕ್ಷರ ಆಯ್ಕೆ ನಡೆಯಬೇಕಿದ್ದುದು ಆ ಸೋಮವಾರವೇ. 50 ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಒಟ್ಟು 538 ಎಲೆಕ್ಟರ್‌ಗಳು ತಂತಮ್ಮ ಜಾಗದಲ್ಲಿ ಸೇರಿ ಮತ ಹಾಕುವವರಿದ್ದರು.

ಸಾಮಾನ್ಯವಾಗಿ ಯಾರೂ ತಿರುಗಿ ನೋಡದ ಈ ಶಾಸ್ತ್ರ ಆ ವರ್ಷ ದೇಶದ ಗಮನ ಸೆಳೆಯಿತು. ಟ್ರಂಪ್ ಅವರಿಗೆ ಮತ ಹಾಕಬೇಡಿ ಎಂದು ಎಲೆಕ್ಟರ್‌ಗಳನ್ನು ಕೋರಿದ ಆನ್‌ಲೈನ್ ಮನವಿಗೆ 50 ಲಕ್ಷಕ್ಕೆ ಹತ್ತಿರ ಹತ್ತಿರ ಸಹಿ ಬಿದ್ದಿತ್ತು. ನಟ ಮಾರ್ಟಿನ್ ಶೀನ್ ಮತ್ತಿತರರು ವಿಡಿಯೊದಲ್ಲಿ ಕಾಣಿಸಿಕೊಂಡು ಇದೇ ಮಾತು ಹೇಳಿದ್ದರು. ಹಲವು ರಾಜ್ಯಗಳ ಶಾಸನಭವನಗಳ ಎದುರು ಪ್ರತಿಭಟನೆಯ ಫಲಕ ಹಿಡಿದವರು ನಿಂತಿದ್ದರು.

ಅಂದು ಮಾತಿಗೆ ತಪ್ಪಿದವರು ಇದ್ದರು, ನಿಜ. ಆದರೆ ಹೆಚ್ಚಿನವರು ತಪ್ಪಿದ್ದು ಟ್ರಂಪ್ ಅವರಿಗಲ್ಲ, ಕ್ಲಿಂಟನ್ ಅವರಿಗೆ. ಕ್ಲಿಂಟನ್ ಗೆದ್ದಿದ್ದ ವಾಷಿಂಗ್ಟನ್ ರಾಜ್ಯದ 12 ಎಲೆಕ್ಟರ್‌ಗಳಲ್ಲಿ ಮೂವರು, ಚುನಾವಣೆಗೇ ನಿಲ್ಲದ ರಿಪಬ್ಲಿಕನ್ ಮುಖಂಡ ಕಾಲಿನ್ ಪೊವೆಲ್ ಅವರಿಗೆ ಮತ ಕೊಟ್ಟರು. ನಾಲ್ಕನೆಯವರು ಮೂಲನಿವಾಸಿ ಹೋರಾಟಗಾರ್ತಿ ಫೇತ್ ಸ್ಪಾಟೆಡ್ ಈಗಲ್ ಅವರ ಹೆಸರು ಬರೆದರು. ಹವಾಯಿಯ ಒಂದು ಮತ ಬರ್ನಿ ಸ್ಯಾಂಡರ್ಸ್ ಪಾಲಾಯಿತು. ಟ್ರಂಪ್ ಕೈತಪ್ಪಿದ್ದು ಟೆಕ್ಸಾಸಿನ ಎರಡೇ ಮತ: ಒಂದು ಜಾನ್ ಕೇಸಿಕ್ ಅವರಿಗೆ, ಇನ್ನೊಂದು ರಾನ್ ಪಾಲ್ ಅವರಿಗೆ. ಕೊಲರಾಡೊದ ಡೆನ್ವರ್‌ನಲ್ಲಿ ಮೈಕಲ್ ಬಾಕಾ ಎಂಬ ಡೆಮಾಕ್ರಟಿಕ್ ಎಲೆಕ್ಟರ್ ಕೂಡ ಕೇಸಿಕ್ ಹೆಸರನ್ನೇ ಬರೆದರು. ಅಧಿಕಾರಿಗಳು ಆ ಮತವನ್ನು ಬದಿಗಿಟ್ಟು ಅವರ ಸ್ಥಾನಕ್ಕೆ ಬೇರೊಬ್ಬರನ್ನು ಕರೆದು ಕೂರಿಸಿದರು. 306–232 ಇದ್ದ ಲೆಕ್ಕ 304–227ಕ್ಕೆ ಬಂದು ನಿಂತಿತು. ಫಲಿತಾಂಶ ಅಲುಗಲಿಲ್ಲ.

ಅಲುಗಿದ್ದು ಬೇರೆಯದು. ಕೋಟ್ಯಂತರ ಜನ ಮತ ಹಾಕಿ ತೀರ್ಮಾನಿಸಿದ್ದನ್ನು ಕೆಲವೇ ಎಲೆಕ್ಟರ್‌ಗಳು ಮನಸ್ಸು ಮಾಡಿದರೆ ತಿರುಗಿಸಬಹುದೇ? ತಿರುಗಿಸಬಹುದಾದರೆ, ತಿರುಗಿಸುವುದು ಸರಿಯೇ? 200 ವರ್ಷಕ್ಕೂ ಹಳೆಯದಾದ ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಮತಪತ್ರದಲ್ಲಿ ಕಾಣದ ಹೆಸರು

ನವೆಂಬರಿನಲ್ಲಿ ಮತಗಟ್ಟೆಗೆ ಹೋಗುವ ಅಮೆರಿಕದ ಮತದಾರ ಮತಪತ್ರದಲ್ಲಿ ನೋಡುವುದು ಅಧ್ಯಕ್ಷ ಅಭ್ಯರ್ಥಿಯ ಹೆಸರನ್ನು. ಗುರುತು ಹಾಕುವುದೂ ಅದಕ್ಕೇ. ಕಾನೂನು ಮಾತ್ರ ಆ ಗುರುತಿಗೆ ಬೇರೆ ಅರ್ಥ ಕೊಡುತ್ತದೆ. ಆ ಅಭ್ಯರ್ಥಿಯ ಪಕ್ಷ ಆ ರಾಜ್ಯದಲ್ಲಿ ಮೊದಲೇ ಗೊತ್ತುಮಾಡಿಟ್ಟ ಎಲೆಕ್ಟರ್‌ಗಳ ಪಟ್ಟಿಗೆ ಅವನು ಮತ ಹಾಕಿದ ಹಾಗೆ. ಬಹಳಷ್ಟು ರಾಜ್ಯಗಳ ಮತಪತ್ರದಲ್ಲಿ ಆ ಎಲೆಕ್ಟರ್‌ಗಳ ಹೆಸರು ಅಚ್ಚಾಗುವುದೂ ಇಲ್ಲ.

ಒಂದು ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ ಎಷ್ಟು ಸ್ಥಾನವಿದೆಯೋ ಅದಕ್ಕೆ ಇಬ್ಬರು ಸೆನೆಟರ್‌ಗಳ ಲೆಕ್ಕ ಸೇರಿಸಿದರೆ ಆ ರಾಜ್ಯದ ಎಲೆಕ್ಟರ್‌ಗಳ ಸಂಖ್ಯೆ ಸಿಗುತ್ತದೆ. ಸಣ್ಣ ಜನಸಂಖ್ಯೆಯ ವಯೋಮಿಂಗ್‌ಗೆ 3, ದೊಡ್ಡ ಕ್ಯಾಲಿಫೋರ್ನಿಯಾಕ್ಕೆ ಈಗ 54. 1961ರ ಸಂವಿಧಾನ ತಿದ್ದುಪಡಿಯಿಂದ ವಾಷಿಂಗ್ಟನ್ ಡಿ.ಸಿ.ಗೂ 3 ಸಿಕ್ಕಿದೆ. ಒಟ್ಟು 538, ಗೆಲ್ಲಲು 270 ಬೇಕು. ಮೇಯ್ನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಒಂದೇ ಒಂದು ಮತ ಮುಂದಿದ್ದವರಿಗೂ ರಾಜ್ಯದ ಎಲ್ಲ ಎಲೆಕ್ಟರ್‌ಗಳು ದಕ್ಕುತ್ತಾರೆ. ದೇಶದ ಒಟ್ಟು ಮತದಲ್ಲಿ ಹಿಂದೆ ಬಿದ್ದವರೂ ಅಧ್ಯಕ್ಷರಾಗುವುದು ಹೀಗೆ. 1876, 1888, 2000 ಮತ್ತು 2016ರಲ್ಲಿ ಆದದ್ದು ಅದೇ. 2016ರಲ್ಲಿ ಕ್ಲಿಂಟನ್ ಅವರಿಗೆ ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು.

ಎಲೆಕ್ಟರ್ ಆಗುವವರು ಯಾರು? ಸಂಸತ್ತಿನ ಸದಸ್ಯರು, ಕೇಂದ್ರ ಸರ್ಕಾರದ ಹುದ್ದೆಯಲ್ಲಿರುವವರು ಆಗುವಂತಿಲ್ಲ. ಹೆಚ್ಚಿನವರು ಪಕ್ಷಕ್ಕೆ ವರ್ಷಾನುಗಟ್ಟಲೆ ದುಡಿದ ಕಾರ್ಯಕರ್ತರು, ಸ್ಥಳೀಯ ಮುಖಂಡರು. ಅವರಿಗೆ ಇದು ಪಕ್ಷ ಹೊದಿಸುವ ಶಾಲು. ಕೆಲವೊಮ್ಮೆ ದೊಡ್ಡ ಹೆಸರುಗಳೂ ಬರುವುದುಂಟು. 2016ರಲ್ಲಿ ನ್ಯೂಯಾರ್ಕಿನ ಎಲೆಕ್ಟರ್‌ಗಳಲ್ಲಿ ಒಬ್ಬರಾಗಿದ್ದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ಹೆಂಡತಿಗೇ ಮತ ಹಾಕಿದರು. ಎಲೆಕ್ಟರ್‌ನ ಅಧಿಕಾರದ ಆಯುಷ್ಯ ಒಂದೇ ದಿನದ್ದು. ಬರುತ್ತಾರೆ, ಮತ ಹಾಕುತ್ತಾರೆ, ಸಹಿ ಮಾಡುತ್ತಾರೆ, ಮನೆಗೆ ಹೋಗುತ್ತಾರೆ. 538 ಮಂದಿ ಒಂದೆಡೆ ಕೂಡಿ ಚರ್ಚಿಸುವ ಸಭೆ ಎಂಬುದೇ ಇಲ್ಲ.

ಕಾಗದದ ಮೇಲಿನ ವಿವೇಕಿಗಳು

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರನ್ನು ಅಧ್ಯಕ್ಷರ ಆಯ್ಕೆಯ ಪ್ರಶ್ನೆ ತಿಂಗಳುಗಟ್ಟಲೆ ಕಾಡಿತು. ಜನರೇ ನೇರವಾಗಿ ಆರಿಸಲಿ ಎಂದು ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಹೇಳಿದರು. ಸಂಸತ್ತೇ ಆರಿಸಲಿ ಎಂದವರೂ ಇದ್ದರು. ದಕ್ಷಿಣದ ರಾಜ್ಯಗಳ ಜನಸಂಖ್ಯೆಯಲ್ಲಿ ದೊಡ್ಡ ಪಾಲು ಗುಲಾಮರದು, ಅವರಿಗೆ ಮತವಿಲ್ಲ. ನೇರ ಚುನಾವಣೆಯಾದರೆ ಆ ರಾಜ್ಯಗಳ ತೂಕ ಇಳಿಯುತ್ತಿತ್ತು. ಎಲೆಕ್ಟರ್‌ಗಳ ಲೆಕ್ಕದಲ್ಲಾದರೆ ಪ್ರತಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಕುಖ್ಯಾತ ಸೂತ್ರದ ಲಾಭ ಅವುಗಳಿಗೆ ಸಿಗುತ್ತಿತ್ತು. ಕೊನೆಗೆ ಎಲ್ಲರೂ ಅರೆಮನಸ್ಸಿನಿಂದ ಒಪ್ಪಿದ್ದು ಈ ನಡುದಾರಿಯನ್ನು.

ಆ ನಡುದಾರಿಗೆ ಘನತೆ ತಂದುಕೊಟ್ಟವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಸಂವಿಧಾನದ ಪರವಾಗಿ ಬರೆದ ಫೆಡರಲಿಸ್ಟ್ ಲೇಖನಮಾಲೆಯ 68ನೆಯ ಲೇಖನದಲ್ಲಿ, 1788ರಲ್ಲಿ, ಎಲೆಕ್ಟರ್‌ಗಳನ್ನು ಅವರು ತಿಳಿವಳಿಕೆಯುಳ್ಳ, ವಿವೇಚನೆಯುಳ್ಳ ಮಂದಿಯೆಂದು ಚಿತ್ರಿಸಿದರು. ಅವರು ಬೇರೆಬೇರೆ ರಾಜ್ಯಗಳಲ್ಲಿ ಒಂದೇ ದಿನ ಸೇರುವುದರಿಂದ ಒಳಸಂಚಿಗೆ ಅವಕಾಶವಿರದು, ಪರದೇಶಗಳು ತಮಗೆ ಬೇಕಾದವರನ್ನು ಕುರ್ಚಿಗೇರಿಸುವ ಹುನ್ನಾರ ನಡೆಯದು, ಅನರ್ಹರು ಅಧ್ಯಕ್ಷರಾಗರು ಎಂಬುದು ಅವರ ವಾದ. 2016ರ ಬಂಡಾಯಗಾರರು ತಮ್ಮನ್ನು ‘ಹ್ಯಾಮಿಲ್ಟನ್ ಎಲೆಕ್ಟರ್ಸ್’ ಎಂದು ಕರೆದುಕೊಂಡದ್ದು ಈ ಲೇಖನದ ಬಲದಿಂದ.

ಹ್ಯಾಮಿಲ್ಟನ್ ಎಣಿಸದೇ ಹೋದದ್ದು ಒಂದಿತ್ತು: ರಾಜಕೀಯ ಪಕ್ಷ. ಜಾರ್ಜ್ ವಾಷಿಂಗ್ಟನ್ ನಿವೃತ್ತರಾದ ಕೂಡಲೇ, 1796ರಲ್ಲಿ, ದೇಶ ಎರಡು ಬಣವಾಯಿತು. ಎಲೆಕ್ಟರ್‌ಗಳು ಇಂಥವರ ಕಡೆಯವರೆಂದು ಹೇಳಿಕೊಂಡೇ ಆರಿಸಿ ಬಂದರು. ಜಾನ್ ಆಡಮ್ಸ್ ಕಡೆಯವರಾಗಿ ಬಂದಿದ್ದ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಮೈಲ್ಸ್ ಎಂಬವರು ಥಾಮಸ್ ಜೆಫರ್ಸನ್ ಅವರಿಗೆ ಮತ ಹಾಕಿಬಿಟ್ಟರು. ಸಿಟ್ಟಾದ ಮತದಾರನೊಬ್ಬ ಪತ್ರಿಕೆಗೆ ಬರೆದದ್ದರ ತಾತ್ಪರ್ಯ: ನಾನು ಅವನನ್ನು ಆರಿಸಿದ್ದು ನನ್ನ ಪರವಾಗಿ ಕೆಲಸ ಮಾಡಲಿಕ್ಕೆ, ನನ್ನ ಪರವಾಗಿ ಯೋಚಿಸಲಿಕ್ಕಲ್ಲ. ವ್ಯವಸ್ಥೆ ಶುರುವಾಗಿ ಹತ್ತು ವರ್ಷವೂ ಆಗುವ ಮೊದಲೇ, ಎಲೆಕ್ಟರ್ ಎಂದರೆ ವಿವೇಕಿಯಲ್ಲ, ಮತ ಒಯ್ಯುವವ ಎಂದು ಜನ ತೀರ್ಮಾನಿಸಿದ್ದರು.

ನಾಲ್ಕು ವರ್ಷದ ಬಳಿಕ ಎಲೆಕ್ಟರ್‌ಗಳ ನಿಷ್ಠೆಯೇ ತಲೆನೋವು ತಂದಿತು. ಆಗ ಪ್ರತಿಯೊಬ್ಬ ಎಲೆಕ್ಟರ್‌ಗೂ ಎರಡು ಮತ. ಅಧ್ಯಕ್ಷ, ಉಪಾಧ್ಯಕ್ಷ ಎಂಬ ಭೇದವಿರಲಿಲ್ಲ. ಪಕ್ಷ ಹೇಳಿದಂತೆ ಎಲ್ಲರೂ ಜೆಫರ್ಸನ್ ಮತ್ತು ಏರನ್ ಬರ್ ಇಬ್ಬರಿಗೂ ಹಾಕಿದ್ದರಿಂದ ಇಬ್ಬರಿಗೂ 73–73 ಬಂತು. ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿ 1801ರ ಫೆಬ್ರುವರಿಯಲ್ಲಿ ಜೆಫರ್ಸನ್ ಅವರನ್ನು ಆರಿಸಿತು. 1804ರಲ್ಲಿ ಬಂದ 12ನೆಯ ತಿದ್ದುಪಡಿ ಎರಡು ಹುದ್ದೆಗಳ ಮತವನ್ನು ಬೇರ್ಪಡಿಸಿತು. ಪಕ್ಷಗಳ ಪಟ್ಟಿಯನ್ನು ಎಲೆಕ್ಟರ್‌ಗಳು ಒಪ್ಪಿಸುತ್ತಾರೆ ಎಂಬುದನ್ನು ಸಂವಿಧಾನವೇ ಒಪ್ಪಿಕೊಂಡಂತಾಯಿತು.

ಮಾತು ತಪ್ಪಿದವರ ಚರಿತ್ರೆ

ಹಾಗಾದರೆ ಮಾತು ತಪ್ಪಿದವರು ಎಷ್ಟು ಜನ? ಅಧ್ಯಕ್ಷ ಅಥವಾ ಉಪಾಧ್ಯಕ್ಷ ಸ್ಥಾನಕ್ಕೆ ಈವರೆಗೆ ಬಿದ್ದ 23,000ಕ್ಕೂ ಹೆಚ್ಚು ಎಲೆಕ್ಟೋರಲ್ ಮತಗಳಲ್ಲಿ ಅಂಥವು ಸುಮಾರು 180 ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ಕೊಟ್ಟಿತು. ಅದರಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು 1872ರ ಒಂದೇ ಚುನಾವಣೆಯವು. ಆ ವರ್ಷ ಸೋತಿದ್ದ ಹೊರೇಸ್ ಗ್ರೀಲಿ ಎಲೆಕ್ಟರ್‌ಗಳು ಮತ ಹಾಕುವ ಮೊದಲೇ ತೀರಿಕೊಂಡರು. ಅವರ 66 ಎಲೆಕ್ಟರ್‌ಗಳಲ್ಲಿ 63 ಮಂದಿ ಬೇರೆಯವರಿಗೆ ಮತ ಹಂಚಿದರು. ಹಟ ಹಿಡಿದು ಸತ್ತವರಿಗೇ ಹಾಕಿದ ಮೂರು ಮತಗಳನ್ನು ಸಂಸತ್ತು ಎಣಿಸಲಿಲ್ಲ. ಇದನ್ನು ಮಾತು ತಪ್ಪಿದ್ದು ಎನ್ನುವುದಕ್ಕೇ ಮನಸ್ಸು ಬಾರದು.

ಉಳಿದವರಲ್ಲಿ ತಮಾಷೆಯವರೂ ಇದ್ದಾರೆ, ತತ್ತ್ವದವರೂ ಇದ್ದಾರೆ. 1988ರಲ್ಲಿ ವೆಸ್ಟ್ ವರ್ಜೀನಿಯಾದ ಮಾರ್ಗರೆಟ್ ಲೀಚ್ ಎಂಬವರು ತಮ್ಮ ಪಕ್ಷದ ಇಬ್ಬರು ಅಭ್ಯರ್ಥಿಗಳನ್ನು ಅದಲುಬದಲು ಮಾಡಿದರು. ಉಪಾಧ್ಯಕ್ಷ ಅಭ್ಯರ್ಥಿ ಅಧ್ಯಕ್ಷ, ಅಧ್ಯಕ್ಷ ಅಭ್ಯರ್ಥಿ ಉಪಾಧ್ಯಕ್ಷ. 1972ರಲ್ಲಿ ನಿಕ್ಸನ್‌ಗೆ ಹಾಕಬೇಕಿದ್ದ ವರ್ಜೀನಿಯಾದ ರೋಜರ್ ಮ್ಯಾಕ್‌ಬ್ರೈಡ್ ಲಿಬರ್ಟೇರಿಯನ್ ಪಕ್ಷದ ಜೋಡಿಗೆ ಹಾಕಿದರು. ಅದರಿಂದಾಗಿ ಆ ಜೋಡಿಯಲ್ಲಿದ್ದ ಟೋನಿ ನೇಥನ್ ಅಮೆರಿಕದ ಇತಿಹಾಸದಲ್ಲಿ ಎಲೆಕ್ಟೋರಲ್ ಮತ ಪಡೆದ ಮೊದಲ ಮಹಿಳೆಯಾದರು. 2000ದಲ್ಲಿ ವಾಷಿಂಗ್ಟನ್ ಡಿ.ಸಿ.ಯ ಬಾರ್ಬರಾ ಲೆಟ್ ಸಿಮನ್ಸ್, ತಮ್ಮ ಊರಿಗೆ ಸಂಸತ್ತಿನಲ್ಲಿ ಮತದ ಹಕ್ಕಿಲ್ಲವೆಂದು ಪ್ರತಿಭಟಿಸಿ ಖಾಲಿ ಮತಪತ್ರ ಕೊಟ್ಟರು. 2004ರಲ್ಲಿ ಮಿನೆಸೋಟಾದ ಒಬ್ಬರು ಜಾನ್ ಕೆರಿ ಬದಲು ಉಪಾಧ್ಯಕ್ಷ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಹೆಸರು ಬರೆದರು, ಅದನ್ನೂ ತಪ್ಪಾಗಿ. ಮತ ಗುಪ್ತವಾಗಿದ್ದುದರಿಂದ ಅದು ಯಾರ ಕೈಬರಹವೆಂದು ಗೊತ್ತಾಗಲೇ ಇಲ್ಲ.

ಇವೆಲ್ಲ ಬಿಡಿ ಘಟನೆಗಳು. ಆದರೆ ಗುಂಪಾಗಿ ಅಥವಾ ಒಂದು ರಾಜಕೀಯ ಉದ್ದೇಶದಿಂದ ಎಲೆಕ್ಟರ್‌ಗಳು ‘ಆತ್ಮಸಾಕ್ಷಿ’ಗೆ ಓಗೊಟ್ಟ ಸಂದರ್ಭಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

1836ರಲ್ಲಿ ವರ್ಜೀನಿಯಾದ 23 ಎಲೆಕ್ಟರ್‌ಗಳು ಒಟ್ಟಾಗಿ ತಮ್ಮ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ರಿಚರ್ಡ್ ಮೆಂಟರ್ ಜಾನ್ಸನ್ ಅವರಿಗೆ ಮತ ನಿರಾಕರಿಸಿದರು. ಗುಲಾಮಳಾಗಿದ್ದ ಜೂಲಿಯಾ ಚಿನ್ ಎಂಬ ಕಪ್ಪುಜನಾಂಗದ ಹೆಣ್ಣಿನೊಂದಿಗೆ ಜಾನ್ಸನ್ ಬಹಿರಂಗವಾಗಿ ಸಂಸಾರ ಮಾಡಿದ್ದರು, ಇಬ್ಬರು ಹೆಣ್ಣುಮಕ್ಕಳನ್ನು ತನ್ನವರೆಂದು ಒಪ್ಪಿಕೊಂಡಿದ್ದರು. ಗುಲಾಮರ ಒಡೆಯರು ಗುಟ್ಟಾಗಿ ಮಾಡುತ್ತಿದ್ದುದನ್ನು ಅವರು ಮರೆಮಾಚದೆ ಇದ್ದದ್ದೇ ಅಪರಾಧವಾಯಿತು. ಬಹುಮತಕ್ಕೆ ಬೇಕಿದ್ದ 148ರಲ್ಲಿ ಒಂದು ಕಡಿಮೆಯಾಗಿ ಜಾನ್ಸನ್ 147ಕ್ಕೆ ನಿಂತರು. ಸೆನೆಟ್ 33–16 ಮತದಿಂದ ಅವರನ್ನು ಆರಿಸಬೇಕಾಯಿತು. ಮಾತು ತಪ್ಪಿದ ಎಲೆಕ್ಟರ್‌ಗಳಿಂದ ಒಂದು ಆಯ್ಕೆ ಎಲೆಕ್ಟರ್‌ಗಳ ಕೂಟವಾದ ಎಲೆಕ್ಟೋರಲ್ ಕಾಲೇಜಿನ ಕೈಮೀರಿ ಹೋದದ್ದು ಅದೊಂದೇ ಸಲ.

1948ರಲ್ಲಿ ಟೆನೆಸಿಯ ಎಲೆಕ್ಟರ್ ಒಬ್ಬರು ಹ್ಯಾರಿ ಟ್ರೂಮನ್ ಬದಲು ಜನಾಂಗೀಯ ಪ್ರತ್ಯೇಕತೆಯ ಅಭ್ಯರ್ಥಿ ಸ್ಟ್ರಾಮ್ ಥರ್ಮಂಡ್‌ಗೆ ಮತ ಹಾಕಿದರು. 1956ರಲ್ಲಿ ಅಲಬಾಮಾದ ಒಬ್ಬರು ಅದೇ ಮನೋಭಾವದ ಸ್ಥಳೀಯ ನ್ಯಾಯಾಧೀಶರೊಬ್ಬರನ್ನು ಆರಿಸಿಕೊಂಡರು. 1960ರಲ್ಲಿ ಒಕ್ಲಹೋಮಾದ ಹೆನ್ರಿ ಅರ್ವಿನ್ ತಾವು ನಿಕ್ಸನ್‌ಗೆ ಕೈಕೊಟ್ಟದ್ದಲ್ಲದೆ ಇತರ ರಿಪಬ್ಲಿಕನ್ ಎಲೆಕ್ಟರ್‌ಗಳಿಗೂ ತಂತಿ ಕಳಿಸಿ ತಮ್ಮ ಜೊತೆ ಬರುವಂತೆ ಕರೆದರು. ಅವರು ಮತ ಹಾಕಿದ್ದು ಶಾಲೆಗಳಲ್ಲಿ ಕರಿಯ–ಬಿಳಿಯ ಮಕ್ಕಳು ಒಟ್ಟಿಗೆ ಕೂರುವುದನ್ನು ತಡೆಯಲು ಪಣತೊಟ್ಟಿದ್ದ ಸೆನೆಟರ್ ಹ್ಯಾರಿ ಬರ್ಡ್ ಅವರಿಗೆ. ಮಿಸಿಸಿಪ್ಪಿ, ಅಲಬಾಮಾಗಳಲ್ಲಿ ಯಾರಿಗೂ ಬದ್ಧರಲ್ಲವೆಂದು ಹೇಳಿಕೊಂಡೇ ಗೆದ್ದಿದ್ದ 14 ಎಲೆಕ್ಟರ್‌ಗಳ ಮತವೂ ಸೇರಿ ಬರ್ಡ್‌ಗೆ 15 ಬಿತ್ತು. 1968ರಲ್ಲಿ ಪ್ರತ್ಯೇಕತೆಯ ಪರವಾದ ಅಭ್ಯರ್ಥಿ ಜಾರ್ಜ್ ವಾಲೆಸ್ ಅವರ ಲೆಕ್ಕಾಚಾರವೇ ಇದರ ಮೇಲೆ ನಿಂತಿತ್ತು: ಯಾರಿಗೂ ಬಹುಮತ ಸಿಗದಂತೆ ಮಾಡಿ, ತಮ್ಮ ಎಲೆಕ್ಟರ್‌ಗಳನ್ನು ಮುಂದಿಟ್ಟುಕೊಂಡು ನಾಗರಿಕ ಹಕ್ಕುಗಳ ವಿಷಯದಲ್ಲಿ ಚೌಕಾಸಿ ಮಾಡುವುದು. ಅದು ನಡೆಯಲಿಲ್ಲ. ಆದರೆ ಉತ್ತರ ಕೆರೊಲಿನಾದ ರಿಪಬ್ಲಿಕನ್ ಎಲೆಕ್ಟರ್ ಲಾಯ್ಡ್ ಬೈಲಿ ನಿಕ್ಸನ್‌ಗೆ ಸಲ್ಲಬೇಕಿದ್ದ ಮತವನ್ನು ವಾಲೆಸ್‌ಗೆ ಕೊಟ್ಟರು. ಸಂಸತ್ತಿನಲ್ಲಿ ಆಕ್ಷೇಪ ಎದ್ದರೂ ಎರಡೂ ಸದನಗಳು ಅದನ್ನು ತಳ್ಳಿಹಾಕಿ ಆ ಮತವನ್ನು ಎಣಿಸಿದವು.

ಅನರ್ಹರನ್ನು ತಡೆಯುವ ವಿವೇಕಿಗಳ ಕೂಟವೆಂದು ಹ್ಯಾಮಿಲ್ಟನ್ ಯಾವುದನ್ನು ಕರೆದರೋ ಅದನ್ನು ಚರಿತ್ರೆಯಲ್ಲಿ ಪಟ್ಟುಹಿಡಿದು ಬಳಸಲು ಹೊರಟವರು ಬಹುಪಾಲು ಬಣ್ಣಭೇದದ ಪಕ್ಷಪಾತಿಗಳು. ಅವರಿಗೂ ಆತ್ಮಸಾಕ್ಷಿ ಇತ್ತು. ಅವರೂ ದೇಶ ಉಳಿಸುತ್ತಿದ್ದೇವೆ ಎಂದೇ ನಂಬಿದ್ದರು.

37 ಮತಗಳ ಲೆಕ್ಕ

2016ರ ಬಂಡಾಯದ ಮುಂದಾಳುಗಳಾದ ವಾಷಿಂಗ್ಟನ್ ರಾಜ್ಯದ ಬ್ರೆಟ್ ಶಿಯಫಾಲೋ ಮತ್ತು ಕೊಲರಾಡೊದ ಮೈಕಲ್ ಬಾಕಾ ಅವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಅವರು ಕ್ಲಿಂಟನ್ ಅವರನ್ನು ಗೆಲ್ಲಿಸಲು ಹೊರಟಿರಲಿಲ್ಲ. ಡೆಮಾಕ್ರಟಿಕ್ ಎಲೆಕ್ಟರ್‌ಗಳೇ ತಮ್ಮ ಅಭ್ಯರ್ಥಿಯನ್ನು ಬಿಟ್ಟುಕೊಟ್ಟು ಸೌಮ್ಯ ರಿಪಬ್ಲಿಕನ್ ಒಬ್ಬರ ಹೆಸರು ಮುಂದಿಟ್ಟರೆ, ಟ್ರಂಪ್ ಬಗ್ಗೆ ಅಳುಕಿರುವ ರಿಪಬ್ಲಿಕನ್ ಎಲೆಕ್ಟರ್‌ಗಳೂ ಆ ಕಡೆ ವಾಲಬಹುದು ಎಂಬುದು ಅವರ ಆಸೆ. ಪೊವೆಲ್, ಕೇಸಿಕ್ ಹೆಸರು ಬಂದದ್ದು ಹಾಗೆ. ಚುನಾವಣೆಯಲ್ಲಿ ರಷ್ಯಾದ ಕೈವಾಡದ ಬಗ್ಗೆ ಗುಪ್ತಚರ ಸಂಸ್ಥೆಗಳು ತಮಗೆ ಮಾಹಿತಿ ಕೊಡಬೇಕೆಂದು ಕೆಲವು ಎಲೆಕ್ಟರ್‌ಗಳು ಬಹಿರಂಗ ಪತ್ರವನ್ನೂ ಬರೆದಿದ್ದರು. ಪರದೇಶದ ಹಸ್ತಕ್ಷೇಪದ ಬಗ್ಗೆ ಹ್ಯಾಮಿಲ್ಟನ್ ಎಚ್ಚರಿಸಿದ್ದು ಇಂಥ ದಿನಕ್ಕೇ ಅಲ್ಲವೇ ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಆದರೂ ಲೆಕ್ಕ ಹಾಕಿ ನೋಡೋಣ. ಟ್ರಂಪ್ ಅವರನ್ನು 270ರ ಕೆಳಗಿಳಿಸಲು 37 ರಿಪಬ್ಲಿಕನ್ ಎಲೆಕ್ಟರ್‌ಗಳು ಬೇಕಿತ್ತು. ಅಷ್ಟು ಮಂದಿ ಸಿಕ್ಕಿದ್ದರೆ? ಯಾರಿಗೂ ಬಹುಮತ ಬಾರದಿದ್ದಾಗ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ. ಹೆಚ್ಚು ಮತ ಪಡೆದ ಮೂವರಲ್ಲಿ ಒಬ್ಬರನ್ನು ಸಭೆ ಆರಿಸಬೇಕು. ಅಲ್ಲಿ ಸದಸ್ಯರು ತಲೆಗೊಂದು ಮತ ಹಾಕುವುದಿಲ್ಲ. ರಾಜ್ಯಕ್ಕೆ ಒಂದೇ ಮತ, ಗೆಲ್ಲಲು 26 ರಾಜ್ಯ ಬೇಕು. ಆಗ 30ಕ್ಕೂ ಹೆಚ್ಚು ರಾಜ್ಯಗಳ ಪ್ರತಿನಿಧಿ ಬಲ ರಿಪಬ್ಲಿಕನ್ನರ ಕೈಯಲ್ಲಿತ್ತು. ಗೆದ್ದ ತಮ್ಮ ಅಭ್ಯರ್ಥಿಯನ್ನೇ ಅವರು ಮತ್ತೆ ಆರಿಸುವ ಸಂಭವವೇ ಹೆಚ್ಚು. ಅಷ್ಟರಲ್ಲಿ ಅರ್ಧ ದೇಶ ‘ನಮ್ಮ ಗೆಲುವನ್ನು ಕದ್ದರು’ ಎಂದು ಬೀದಿಗಿಳಿದಿರುತ್ತಿತ್ತು.

ಕೋರ್ಟು ಹೇಳಿದ್ದು

ವಾಷಿಂಗ್ಟನ್ ರಾಜ್ಯದ ನಾಲ್ವರಿಗೆ ತಲಾ 1,000 ಡಾಲರ್ ದಂಡ ಬಿತ್ತು. ಮೊತ್ತ ಸಣ್ಣದು, ಅದರ ಹಿಂದಿನ ಪ್ರಶ್ನೆ ದೊಡ್ಡದು. ಎಲೆಕ್ಟರ್‌ಗಳು ನ್ಯಾಯಾಲಯಕ್ಕೆ ಹೋದರು. ಹಾರ್ವರ್ಡ್ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಬೆನ್ನಿಗೆ ನಿಂತರು. 2019ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ದಂಡ ಸರಿ ಎಂದಿತು. ಅದೇ ವರ್ಷ ಕೊಲರಾಡೊದ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬಾಕಾ ಮತವನ್ನು ತೆಗೆದುಹಾಕಿದ್ದು ತಪ್ಪು ಎಂದಿತು. ಎರಡು ತೀರ್ಪು, ಎರಡು ದಿಕ್ಕು. 2020ರ ಚುನಾವಣೆ ಹತ್ತಿರದಲ್ಲಿತ್ತು.

ಎಲೆಕ್ಟರ್‌ಗಳ ವಾದ ಸರಳ: ಸಂವಿಧಾನ ನಮಗೆ ‘ಮತ’ ಕೊಟ್ಟಿದೆ. ಇಂಥವರಿಗೇ ಹಾಕು ಎಂದು ಕಟ್ಟಿಹಾಕಿದ ಮೇಲೆ ಅದು ಮತವಾಗಿ ಹೇಗೆ ಉಳಿಯುತ್ತದೆ? ಹಿಂದೆ 1952ರಲ್ಲಿ ಅಲಬಾಮಾದ ಪ್ರಕರಣವೊಂದರಲ್ಲಿ, ಪಕ್ಷಗಳು ಎಲೆಕ್ಟರ್‌ಗಳಿಂದ ಪ್ರತಿಜ್ಞೆ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಪ್ರತಿಜ್ಞೆ ಮುರಿದರೆ ಶಿಕ್ಷಿಸಬಹುದೇ ಎಂಬುದನ್ನು ಮಾತ್ರ ಅಂದು ತೀರ್ಮಾನಿಸಿರಲಿಲ್ಲ.

ಕೋವಿಡ್ ಕಾಲವಾದ್ದರಿಂದ 2020ರ ಮೇ ತಿಂಗಳಲ್ಲಿ ವಾದ ಫೋನಿನಲ್ಲೇ ನಡೆಯಿತು. ಮನಸ್ಸು ಬಂದರೆ ಎಲೆಕ್ಟರ್ ಕಾದಂಬರಿಯ ಪಾತ್ರ ಫ್ರೋಡೋ ಬ್ಯಾಗಿನ್ಸ್‌ಗೂ ಮತ ಹಾಕಬಹುದೇ ಎಂದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೇಳಿದರು. ಜುಲೈ 6ರಂದು ತೀರ್ಪು ಬಂತು. ಬಲಪಂಥ–ಎಡಪಂಥ ಎಂದು ಸದಾ ಒಡೆದುಕೊಂಡಿರುವ ಪೀಠ ಈ ಸಲ ಒಮ್ಮತದಿಂದಿತ್ತು. ಎಲೆಕ್ಟರ್‌ಗಳನ್ನು ನೇಮಿಸುವ ಅಧಿಕಾರ ರಾಜ್ಯದ್ದು. ಜನ ಆರಿಸಿದವರಿಗೇ ಮತ ಹಾಕಬೇಕೆಂದು ಷರತ್ತು ಹಾಕುವುದೂ, ತಪ್ಪಿದರೆ ದಂಡಿಸುವುದೂ ಅದರಲ್ಲೇ ಅಡಗಿದೆ ಎಂದು ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದರು. ಎಲೆಕ್ಟರ್‌ಗೆ ಸ್ವಂತ ವಿವೇಚನೆಯ ಹಕ್ಕಿದೆ ಎಂದು ಸಂವಿಧಾನದ ಅಕ್ಷರಗಳಲ್ಲೆಲ್ಲೂ ಇಲ್ಲ, 200 ವರ್ಷದ ರೂಢಿಯಲ್ಲಂತೂ ಇಲ್ಲವೇ ಇಲ್ಲ ಎಂಬುದು ತೀರ್ಪಿನ ತಿರುಳು. ಅಭ್ಯರ್ಥಿಯೇ ತೀರಿಕೊಂಡಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು, ಗ್ರೀಲಿ ಪ್ರಕರಣವನ್ನು ನೆನೆದು, ಕೋರ್ಟು ತೆರೆದೇ ಇಟ್ಟಿತು.

ಒಂದು ಮಾತು ಗಮನಿಸಬೇಕು. ರಾಜ್ಯಗಳು ಎಲೆಕ್ಟರ್‌ಗಳನ್ನು ಕಟ್ಟಿಹಾಕಬಹುದು ಎಂದು ಕೋರ್ಟು ಹೇಳಿತೇ ಹೊರತು, ಕಟ್ಟಿಹಾಕಲೇಬೇಕು ಎನ್ನಲಿಲ್ಲ. ತೀರ್ಪಿನ ಹೊತ್ತಿಗೆ 32 ರಾಜ್ಯಗಳಲ್ಲಿ ಮತ್ತು ರಾಜಧಾನಿಯಲ್ಲಿ ಪ್ರತಿಜ್ಞೆಯ ಕಾನೂನಿತ್ತು. ಅದರಲ್ಲಿ 15 ರಾಜ್ಯಗಳಷ್ಟೇ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿದ್ದವು. ಹಿತ್ತಿಲ ಬಾಗಿಲು ಕೆಲವೆಡೆ ಮುಚ್ಚಿದೆ, ಕೆಲವೆಡೆ ಇಂದಿಗೂ ಬರೀ ಎಳೆದುಕೊಂಡಿದೆ.

ಬೆಂಗಳೂರಿನಿಂದ ಹೊರಟ ಆತ್ಮಸಾಕ್ಷಿ

‘ಆತ್ಮಸಾಕ್ಷಿಯ ಮತ’ ನಮಗೂ ಹೊಸತಲ್ಲ. ರಾಜ್ಯಸಭೆ ಚುನಾವಣೆ ಬಂದಾಗಲೆಲ್ಲ ವಿಧಾನಸೌಧದ ಮೊಗಸಾಲೆಯಲ್ಲಿ ಅಡ್ಡ ಮತದಾನದ ಜೊತೆಗೇ ಈ ಪದವೂ ಓಡಾಡುತ್ತದೆ. ಅದಕ್ಕೆ ದೇಶದ ಮಟ್ಟದಲ್ಲಿ ಹೆಸರು ತಂದದ್ದು 1969ರ ರಾಷ್ಟ್ರಪತಿ ಚುನಾವಣೆ. ಆ ಕಥೆ ಶುರುವಾದದ್ದು ಬೆಂಗಳೂರಿನಲ್ಲಿ. ಝಾಕಿರ್ ಹುಸೇನ್ ನಿಧನರಾದ ಮೇಲೆ, ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿಯಾಗಿಸಿದರು. ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಇಂದಿರಾ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದರೂ, ಕೊನೆಗೆ ವಿಪ್ ಹೊರಡಿಸಲು ಒಪ್ಪದೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಆಗಸ್ಟ್‌ನಲ್ಲಿ ಎರಡನೇ ಪ್ರಾಶಸ್ತ್ಯದ ಮತಗಳೂ ಎಣಿಕೆಯಾಗಿ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಗೆದ್ದರು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಇಬ್ಭಾಗವಾಯಿತು.

ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸಬಹುದು. ಅಲ್ಲ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವ ಸಂಸದರು, ಶಾಸಕರು ಇಂಥವರನ್ನು ರಾಷ್ಟ್ರಪತಿ ಮಾಡುತ್ತೇವೆಂದು ಹೇಳಿ ಜನರ ಮತ ಪಡೆದವರಲ್ಲ. ಮತ ಗುಪ್ತ, ಪಕ್ಷದ ವಿಪ್ ಅಲ್ಲಿ ನಡೆಯುವುದಿಲ್ಲ. 1969ರಲ್ಲಿ ಮುರಿದದ್ದು ಪಕ್ಷದ ಅಪ್ಪಣೆ. ಅಮೆರಿಕದಲ್ಲಿ ಎಲೆಕ್ಟರ್ ತಿರುಗಿಬಿದ್ದರೆ ಮುರಿಯುವುದು ಮತದಾರನ ತೀರ್ಪು. ಮತಪತ್ರದ ಮೇಲಿದ್ದ ಹೆಸರಿಗೆ ಅವನು ಗುರುತು ಹಾಕಿಯಾಗಿದೆ. ಎಲೆಕ್ಟರ್‌ನ ಕೈಯಲ್ಲಿರುವುದು ಆ ಗುರುತು ಮಾತ್ರ. ಧರ್ಮಸ್ಥಳಕ್ಕೆ ಹೊರಟವರ ಕೈಯಲ್ಲಿ ನಾವು ಕಾಣಿಕೆ ಕಳಿಸಿದರೆ, ದಾರಿಯಲ್ಲಿ ಕಂಡ ಇನ್ನೊಂದು ದೇವಸ್ಥಾನವೇ ಮೇಲೆನ್ನಿಸಿತೆಂದು ಅಲ್ಲಿನ ಹುಂಡಿಗೆ ಹಾಕಿಬರುವ ಹಕ್ಕು ಅವರಿಗಿಲ್ಲ. ಅವರ ಭಕ್ತಿ ಎಷ್ಟೇ ನಿಜವಿರಲಿ, ದುಡ್ಡು ಅವರದಲ್ಲ.

ಬಾಗಿಲು ಎಲ್ಲರಿಗೂ ತೆರೆಯುತ್ತದೆ

2016ರಲ್ಲಿ ಎಲೆಕ್ಟರ್‌ಗಳ ಸ್ವಾತಂತ್ರ್ಯವನ್ನು ಹೊಗಳಿದವರಿಗೆ ನಾಲ್ಕೇ ವರ್ಷದಲ್ಲಿ ಉತ್ತರ ಸಿಕ್ಕಿತು. 2020ರಲ್ಲಿ ಜೋ ಬೈಡನ್ 306–232ರಿಂದ ಗೆದ್ದರು. ಒಬ್ಬ ಎಲೆಕ್ಟರ್ ಕೂಡ ಮಾತು ತಪ್ಪಲಿಲ್ಲ. ಬದಲಿಗೆ ಬೇರೊಂದು ಆಟ ಹೂಡಲಾಯಿತು. ಡಿಸೆಂಬರ್ 14ರಂದು, ಬೈಡನ್ ಗೆದ್ದಿದ್ದ 7 ರಾಜ್ಯಗಳಲ್ಲಿ ಟ್ರಂಪ್ ಕಡೆಯವರು ಸೇರಿ ತಾವೇ ಎಲೆಕ್ಟರ್‌ಗಳೆಂದು ಕಾಗದಕ್ಕೆ ಸಹಿ ಮಾಡಿದರು. ಅವರು ಮಾತು ತಪ್ಪಿದವರಲ್ಲ, ಅವರನ್ನು ಆ ಕೆಲಸಕ್ಕೆ ಯಾರೂ ಆರಿಸಿಯೇ ಇರಲಿಲ್ಲ. ಆ ಕಾಗದಗಳನ್ನು ಮುಂದಿಟ್ಟುಕೊಂಡು ಎಣಿಕೆಯನ್ನೇ ತಡೆಯುವಂತೆ ಉಪಾಧ್ಯಕ್ಷ ಮೈಕ್ ಪೆನ್ಸ್ ಮೇಲೆ ಒತ್ತಡ ಬಿತ್ತು. ಅವರು ಒಪ್ಪಲಿಲ್ಲ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ಗುಂಪು ನುಗ್ಗಿದ್ದನ್ನು ಜಗತ್ತೇ ನೋಡಿತು.

ಎರಡೂ ಪ್ರಯತ್ನಗಳ ಉದ್ದೇಶ ಬೇರೆ, ವಿಧಾನ ಬೇರೆ; ಒಂದು ಬಹಿರಂಗ ಮನವಿ, ಇನ್ನೊಂದು ಕೃತಕ ದಾಖಲೆ. ಅವನ್ನು ಒಂದೇ ತಕ್ಕಡಿಗೆ ಹಾಕಲಾಗದು. ಆದರೆ ಜನರ ಮತ ಮತ್ತು ಅಂತಿಮ ಘೋಷಣೆಯ ನಡುವಿನ ವಾರಗಳಲ್ಲಿ ಫಲಿತಾಂಶ ಬದಲಿಸಲು ಸಾಧ್ಯವಿದೆ ಎಂಬ ಆಸೆ ಎರಡರಲ್ಲೂ ಇತ್ತು. ಒಳ್ಳೆಯವರಿಗೆಂದು ತೆರೆದ ಬಾಗಿಲಲ್ಲಿ ಒಳ್ಳೆಯವರಷ್ಟೇ ಬರುತ್ತಾರೆಂದು ನಂಬುವುದು ಸಂವಿಧಾನ ಕಟ್ಟುವ ಕ್ರಮವಲ್ಲ. 2022ರ ಕೊನೆಯಲ್ಲಿ ಬಂದ ಸುಧಾರಣಾ ಕಾಯ್ದೆ ಉಪಾಧ್ಯಕ್ಷರದು ಬರೀ ಔಪಚಾರಿಕ ಪಾತ್ರವೆಂದು ಸ್ಪಷ್ಟಪಡಿಸಿತು. ಮೊದಲು ಪ್ರತಿ ಸದನದ ಒಬ್ಬೊಬ್ಬ ಸದಸ್ಯ ಎದ್ದರೂ ಸಾಕಿದ್ದ ಆಕ್ಷೇಪಕ್ಕೆ ಈಗ ಐದನೇ ಒಂದು ಪಾಲು ಸದಸ್ಯರ ಬೆಂಬಲ ಬೇಕು.

ಇನ್ನು ಉಳಿದಿರುವುದು ಮೂಲದ ರೋಗ. ಮಾತು ತಪ್ಪುವ ಎಲೆಕ್ಟರ್‌ಗಾಗಿ ಜನ ಹಾತೊರೆಯುವುದು, ಹೆಚ್ಚು ಮತ ಪಡೆದವರು ಸೋಲುವ ವ್ಯವಸ್ಥೆ ಅವರಿಗೆ ನ್ಯಾಯವೆಂದು ಕಾಣದೇ ಇರುವುದರಿಂದ. ಅದಕ್ಕೆ ಮದ್ದು ಹುಡುಕಿದವರಿದ್ದಾರೆ. ಎಲೆಕ್ಟರ್ ಎಂಬ ಮನುಷ್ಯನನ್ನು ತೆಗೆದು ಲೆಕ್ಕವನ್ನಷ್ಟೇ ಉಳಿಸೋಣ ಎಂದು 1960ರ ದಶಕದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸೂಚಿಸಿದ್ದರು. ನೇರ ಚುನಾವಣೆಯ ತಿದ್ದುಪಡಿಯನ್ನು 1969ರಲ್ಲಿ ಪ್ರತಿನಿಧಿ ಸಭೆ ಭಾರಿ ಬಹುಮತದಿಂದ ಒಪ್ಪಿತು, ಮರುವರ್ಷ ಅದು ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ದೇಶದ ಒಟ್ಟು ಮತದಲ್ಲಿ ಗೆದ್ದವರಿಗೇ ನಮ್ಮ ಎಲೆಕ್ಟರ್‌ಗಳು ಎಂದು ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. 2024ರಲ್ಲಿ ಮೇಯ್ನ್ ಸೇರಿದಾಗ ಅವುಗಳ ಬಲ 209ಕ್ಕೆ ಮುಟ್ಟಿತ್ತು. ಜಾರಿಗೆ ಬರಲು 270 ಆಗಬೇಕು. ಇವೆಲ್ಲ ನಿಧಾನದ ದಾರಿಗಳು. ಆದರೆ ಮುಂದಿನ ಚುನಾವಣೆಯ ಆಟ ಶುರುವಾಗುವ ಮೊದಲೇ, ಯಾರು ಗೆಲ್ಲುತ್ತಾರೆಂದು ಗೊತ್ತಿಲ್ಲದಿರುವಾಗ, ಎಲ್ಲರ ಎದುರು ನಿಯಮ ಬದಲಿಸುವ ದಾರಿಗಳು.

ಗೆದ್ದವರು ನಿಜಕ್ಕೂ ಅಪಾಯಕಾರಿ ಎಂದು ಎಲೆಕ್ಟರ್‌ಗೆ ಮನವರಿಕೆಯಾದರೆ ಏನು ಮಾಡಬೇಕು? 2016ರಲ್ಲೇ ಇದಕ್ಕೊಂದು ಉತ್ತರ ಕೊಟ್ಟವರಿದ್ದಾರೆ. ಟೆಕ್ಸಾಸಿನ ರಿಪಬ್ಲಿಕನ್ ಎಲೆಕ್ಟರ್ ಆರ್ಟ್ ಸಿಸ್ನೆರೋಸ್‌ಗೆ ಟ್ರಂಪ್‌ಗೆ ಮತ ಹಾಕಲು ಮನಸ್ಸು ಒಪ್ಪಲಿಲ್ಲ, ಕೊಟ್ಟ ಮಾತು ಮುರಿಯಲೂ ಒಪ್ಪಲಿಲ್ಲ. ಅವರು ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬೇರೊಬ್ಬರು ಬಂದರು. ಪತ್ರಿಕೆಗಳಲ್ಲಿ ಹೆಚ್ಚು ಮಿಂಚಿದವರು ಪೊವೆಲ್‌ಗೂ ಕೇಸಿಕ್‌ಗೂ ಮತ ಹಾಕಿದವರೇ. ಆದರೆ ತನ್ನ ಆತ್ಮಸಾಕ್ಷಿಗೆ ತನ್ನದನ್ನೇ ಬೆಲೆಯಾಗಿ ತೆತ್ತವರು ಸಿಸ್ನೆರೋಸ್. ಉಳಿದವರು ತೆತ್ತದ್ದು ಇನ್ನೊಬ್ಬರ ಮತವನ್ನು.